ಟೆಂಟಿನ ನಡುಗಂಬ

ಟೆಂಟು ಆರಿಸುವಾಗ ಎಲ್ಲರೂ ಮೊದಲು ಬಟ್ಟೆ ಮುಟ್ಟಿ ನೋಡುತ್ತಾರೆ. ಸೀರೆ ಅಂಗಡಿಗೆ ಬಂದವರ ಹಾಗೆ ಅಂಚು ಎಳೆದು, ಬೆಳಕಿಗೆ ಹಿಡಿದು, ತೂತಿದೆಯೇ ಎಂದು ಕಣ್ಣು ಕಿರಿದು ಮಾಡುತ್ತಾರೆ. ನಾನು ಬಟ್ಟೆಯ ಕಡೆ ತಿರುಗಿಯೂ ನೋಡುವುದಿಲ್ಲ. ಬಟ್ಟೆ ಹರಿದರೆ ನೆನೆಯುತ್ತೀರಿ, ಅಷ್ಟೇ ತಾನೆ? ನೆನೆದವರು ಒಣಗುತ್ತಾರೆ. ನಾನು ನೋಡುವುದು ಕಂಬ. ನಡುಗಂಬವನ್ನು ನೆಲದ ಮೇಲೆ ಮಲಗಿಸಿ, ಮಂಡಿಯೂರಿ ಕೂತು, ಬೆರಳ ಗೆಣ್ಣಿನಿಂದ ಈ ತುದಿಯಿಂದ ಆ ತುದಿಯವರೆಗೆ ಕುಟ್ಟುತ್ತಾ ಹೋಗುತ್ತೇನೆ. ನನ್ನ ಶಾಲೆಯ ಹುಡುಗಿಯರು ಬೆನ್ನ ಹಿಂದೆ ನಿಂತು ಕಿಸಕ್ಕನೆ ನಗುತ್ತಾರೆ. ನಗಲಿ. ನಾನೂ ಒಂದು ಕಾಲದಲ್ಲಿ ನಕ್ಕವಳೇ. ಬರೀ ನಕ್ಕು ಸುಮ್ಮನಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಕೆ.ಜಿ.ಎಫ್.ನ ನಂದಿದುರ್ಗದ ಲೈನ್ ಮನೆಯಲ್ಲಿದ್ದೆವು. ನಮಗೂ ಪಕ್ಕದವರಿಗೂ ಸೇರಿ ಒಂದೇ ಗೋಡೆ. ಆಚೆ ಕೆಮ್ಮಿದರೆ ಈಚೆಯಿಂದ ‘ನೀರು ಕುಡೀರಿ’ ಅನ್ನಬಹುದಿತ್ತು. ಅಪ್ಪ ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ರಾಗಿ ಹೊಲ ಅಣ್ಣತಮ್ಮಂದಿರಿಗೆ ಬಿಟ್ಟು ಗಣಿಗೆ ಸೇರಿದವನು. ಚಿನ್ನದ ಗಣಿ ಎಂದಾಕ್ಷಣ ಅಪ್ಪ ಚಿನ್ನ ಅಗೆಯುತ್ತಿದ್ದ ಅಂದುಕೊಳ್ಳಬೇಡಿ. ಅವನದು ಟಿಂಬರ್ ಕೆಲಸ. ಬಂಡೆ ಕೊರೆಯುವವರ ಹಿಂದೆಯೇ ಹೋಗಿ, ತಲೆಯ ಮೇಲಿನ ಕಲ್ಲು ಕುಸಿಯದಂತೆ ನೀಲಗಿರಿ ಮರದ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವುದು. ಪಕ್ಕದ ಮನೆಯ ಮಾಮನದೂ ಅದೇ ಕೆಲಸ, ಅದೇ ಗ್ಯಾಂಗು. ಮಾಮನವರು ತಮಿಳಿನವರು. ಅಪ್ಪ ಅವರ ಜೊತೆ ತಮಿಳು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಯಾರ ಜೊತೆಯಾದರೂ ತೆಲುಗು. ಮಾಮನ ಮಗಳು ನನ್ನ ಕ್ಲಾಸಿನವಳು, ಒಂದೇ ಬೆಂಚು.

ಆ ಗ್ಯಾಂಗಿನಲ್ಲಿ ಅಪ್ಪನ ಕಿವಿಗೆ ಹೆಸರಿತ್ತು. ಕೆಳಗೆ ಅಪ್ಪ ಕೈ ಎತ್ತಿದರೆ ಮಿಕ್ಕವರು ಬಾಯಲ್ಲಿದ್ದ ತುತ್ತು ಅಗಿಯುವುದನ್ನೂ ನಿಲ್ಲಿಸುತ್ತಿದ್ದರಂತೆ. ಮಾಮನೇ ಹೇಳುತ್ತಿದ್ದ. ಅಪ್ಪ ಕಿವಿಗೊಟ್ಟು ಕೇಳಿ ‘ನಡೀರಿ’ ಅಂದರೆ ಯಾಕೆ ಏನು ಅನ್ನದೆ ಎಲ್ಲರೂ ಹೊರಗೆ. ಹಾಗೆ ಎರಡು ಸಲ ಎಲ್ಲರೂ ಬದುಕಿ ಬಂದಿದ್ದರು.

"ಮರ ಮಾತಾಡ್ತದೆ ಕಣಮ್ಮಿ" ಎಂದು ಅಪ್ಪ ನನಗೆ ಹೇಳಿಕೊಟ್ಟಿದ್ದ. "ಭಾರ ತಡೆಯಕ್ಕಾಗಲ್ಲ ಅಂದ್ರೆ ಮೊದ್ಲೇ ಯೋಳ್ತದೆ, ಕಿರ್ ಅಂತ. ಕಬ್ಬಿಣ ಅಂಗಲ್ಲ. ಎಲ್ಲಾ ಒಟ್ಟೇಲಿಟ್ಕೊಂಡಿರ್ತದೆ, ಒಂದು ದಿನ ಯೋಳ್ದೆ ಕೇಳ್ದೆ ಕೂತ್ಬಿಡ್ತದೆ."

ಹಿಂದಿನ ವರ್ಷ ಹಾಗೇ ಆಗಿತ್ತು. ಮರದ ಬದಲು ಕಬ್ಬಿಣದ ಕಮಾನು ನಿಲ್ಲಿಸಿದ್ದ ಒಂದು ಕಡೆ ಅದು ಸದ್ದಿಲ್ಲದೆ ಬಗ್ಗಿ, ಕೆಳಗಿದ್ದವರು ಬರಲಿಲ್ಲ. ಅವರನ್ನು ಎತ್ತಿ ತರಲು ಹೋದವರಲ್ಲಿ ಅಪ್ಪನೂ ಇದ್ದ. ಏನು ನೋಡಿದನೋ ಮನೆಯಲ್ಲಿ ಹೇಳಲಿಲ್ಲ. ಆದರೆ ಅಂದಿನಿಂದ ಶಿಫ್ಟಿಗೆ ಹೊರಡುವಾಗ ಅವನು ನಿಧಾನವಾದ. ಕಾಫಿ ಲೋಟ ಹಿಡಿದು ಕೂತರೆ ಮೇಲೆ ಕೆನೆ ಕಟ್ಟಿದರೂ ಕುಡಿಯುತ್ತಿರಲಿಲ್ಲ. ತಲೆಗೆ ಟವೆಲು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದ. "ಸೈರನ್ ಕೂಗ್ತು, ಒತ್ತಾಯ್ತು" ಎಂದು ಅಮ್ಮ ಅವಸರ ಮಾಡಿದರೆ "ಒಲ್ಟೆ, ಒಲ್ಟೆ" ಅನ್ನುತ್ತಾ ಮೂರನೇ ಸಲ ಕಟ್ಟುತ್ತಿದ್ದ. ವಯಸ್ಸಾಗುತ್ತಿದೆ, ಚುರುಕು ಕಮ್ಮಿಯಾಗಿದೆ ಅಂತ ನಾನು ಅಂದುಕೊಂಡೆ. ಹದಿಮೂರು ವರ್ಷದ ಹುಡುಗಿಗೆ ಎಲ್ಲವೂ ಗೊತ್ತಿರುತ್ತದೆ ನೋಡಿ!

ಆ ವರ್ಷ ನಮ್ಮ ಶಾಲೆಯ ಗೈಡ್ಸ್ ಹುಡುಗಿಯರಿಗೆ ದಸರಾ ರಜೆಯಲ್ಲಿ ಮೂರು ದಿನದ ಕ್ಯಾಂಪು ಎಂದರು. ಬೂದಿಕೋಟೆ ಕಡೆ ಒಂದು ಬೆಟ್ಟದ ಬುಡದಲ್ಲಿ. ಲೈನ್ ಮನೆ, ನಲ್ಲಿ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡದ ಧೂಳು ಬಿಟ್ಟು ಬೇರೇನೂ ನೋಡದ ನಮಗೆ ಅದು ಕಾಶಿಯಾತ್ರೆ. ಆರಾರು ಹುಡುಗಿಯರ ಗುಂಪಿಗೆ ಒಂದೊಂದು ಟೆಂಟು. ನಮ್ಮ ಗುಂಪಿಗೆ ನಾನೇ ಲೀಡರು; ನನಗೆ ಬಾಯಿ ಜಾಸ್ತಿ ಎಂಬುದೇ ಅದಕ್ಕೆ ಇದ್ದ ಅರ್ಹತೆ. ಟೆಂಟು ಬಾಡಿಗೆಗೆ ಸಿಗುವ ಅಂಗಡಿ ಬಂಗಾರಪೇಟೆಯ ಸ್ಟೇಷನ್ ಹತ್ತಿರ. ಲೀಡರುಗಳು ಬಂದು ಆರಿಸಿಕೊಳ್ಳಲಿ, ಹೊರುವುದಕ್ಕೆ ಯಾರಾದರೂ ದೊಡ್ಡವರೂ ಬರಲಿ ಎಂದು ಟೀಚರ್ ಹೇಳಿದರು. ಅಪ್ಪನಿಗೆ ಅಂದು ರಜೆ. ನಾನು ಕರೆಯಲಿಲ್ಲ. ತಾನಾಗಿಯೇ, ಒಗೆದ ಷರಟು ಹಾಕಿಕೊಂಡು, ರೈಲು ಹತ್ತಿದ.

ಅಂಗಡಿಯಲ್ಲಿ ಎರಡು ಬಗೆ ಇದ್ದವು. ಒಂದು ಹೊಚ್ಚಹೊಸದು. ನೀಲಿ ಬಟ್ಟೆ, ಅಲ್ಯುಮಿನಿಯಂ ಕೊಳವೆಗಳು, ಮಡಚಿದರೆ ಒಬ್ಬಳೇ ಹುಡುಗಿ ಬಗಲಿಗೆ ಹಾಕಿಕೊಂಡು ಹೋಗಬಹುದು. ಇನ್ನೊಂದು ಮಿಲಿಟರಿಯವರು ಬಳಸಿ ಬಿಟ್ಟದ್ದು. ಹಸಿರೋ ಕಂದೋ ತಿಳಿಯದ ಬಣ್ಣದ ದಪ್ಪ ಕ್ಯಾನ್ವಾಸು, ಮುಗ್ಗಲು ವಾಸನೆ, ನಡುವೆ ತೊಡೆಯಷ್ಟು ಎತ್ತರದಲ್ಲಿ ಕಬ್ಬಿಣದ ಬಳೆಯಿಂದ ಜೋಡಿಸುವ ಎರಡು ತುಂಡಿನ ಮರದ ಕಂಬ. ಇಬ್ಬರು ಗಂಡಸರು ಎತ್ತಬೇಕು. ಯಾವುದು ಬೇಕು ಅಂತ ಕೇಳುವುದೇ ಬೇಡ. ಎಲ್ಲ ಲೀಡರುಗಳೂ ನೀಲಿಯದಕ್ಕೆ ಮುಗಿಬಿದ್ದರು. ನಾನೂ ಒಂದರ ಮೇಲೆ ಕೈ ಇಟ್ಟಾಗಿತ್ತು.

ಅಪ್ಪ ನನ್ನ ಕೈ ಕಡೆ ನೋಡಲೇ ಇಲ್ಲ. ಮೂಲೆಗೆ ಹೋಗಿ ಹಳೆಯ ಟೆಂಟುಗಳ ಕಂಬಗಳನ್ನೆಲ್ಲ ಎಳೆದು ಹಾಕಿ, ಅಂಗಡಿಯ ನಡುವೆ ಮಂಡಿಯೂರಿ ಕೂತು ಕುಟ್ಟತೊಡಗಿದ. ಟಕ್, ಟಕ್, ಟಕ್. ಒಂದನ್ನು ಆಚೆ ಹಾಕಿದ, ಇನ್ನೊಂದನ್ನು ಹತ್ತಿರ ಎಳೆದುಕೊಂಡ. ಕಣ್ಣು ಮುಚ್ಚಿ ಕಿವಿಯನ್ನು ಮರಕ್ಕೇ ಆನಿಸಿದ. ಅಂಗಡಿಯ ಯಜಮಾನರು, ಗಡ್ಡದ ಹಿರಿಯರು, ಟೀಚರ್ ಮುಖ ನೋಡಿದರು. ಟೀಚರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಇದು ತಗೋ ಮಗಾ" ಎಂದ ಅಪ್ಪ, ಆರನೆಯದೋ ಏಳನೆಯದೋ ಕಂಬ ಹಿಡಿದು. "ಇದು ಚೆನ್ನಾಗಿ ಮಾತಾಡ್ತದೆ."

"ಬೀಳೋದಾದರೂ ಏನಪ್ಪಾ, ಬಟ್ಟೆ ತಾನೆ?" ಎಂದು ಯಜಮಾನರು ನಕ್ಕರು. "ಬಂಡೆ ಅಲ್ಲವಲ್ಲ."

"ಏನಾದ್ರೂ ಆಗ್ಲಿ ಸಾಮಿ" ಎಂದ ಅಪ್ಪ, ನಗದೆ. "ಮಕ್ಳು ಮಲಿಕ್ಕೊಂತಾವೆ. ಬೀಳೋ ಮುಂಚೆ ಯೋಳ್ಬೇಕು."

ಟೀಚರಿಗೆ ಏನನಿಸಿತೋ, ಗಣಿಯವನ ಮಾತು ತೆಗೆದುಹಾಕಲು ಮನಸ್ಸು ಬರಲಿಲ್ಲವೋ, ಸರಿ ಅಂದುಬಿಟ್ಟರು. ಎಲ್ಲರಿಗೂ ನೀಲಿ ಟೆಂಟು, ನಮ್ಮ ಗುಂಪಿಗೆ ಮಾತ್ರ ಆ ಮುದಿ ಎಮ್ಮೆ. ವಾಪಸು ರೈಲಿನಲ್ಲಿ ನಾನು ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ಅವನಾಗಿಯೇ ಹೇಳಿದ: "ಕಿರ್ ಅಂದ್ರೆ ನೋಡ್ಕೊಂಡು ಕೂತ್ಕೋಬ್ಯಾಡ. ಎಲ್ರುನೂ ಕರ್ಕೊಂಡು ಈಚೆ ಬಂದ್ಬಿಡು." ನಾನು ಕಿಟಕಿಯ ಕಡೆ ತಿರುಗಿ ಕೂತೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಿಗಿಯಬೇಕು ಅನಿಸುತ್ತದೆ.

ಕ್ಯಾಂಪಿನ ಎರಡನೆಯ ದಿನ ಮಧ್ಯಾಹ್ನ. ಊಟ ಮುಗಿಸಿ ಎಲ್ಲರೂ ಟೆಂಟಿನೊಳಗೆ ಅಡ್ಡಾಗಿದ್ದೆವು. ಬಿಸಿಲಿದ್ದದ್ದು ಇದ್ದ ಹಾಗೇ ಕಪ್ಪಾಯಿತು. ಬೆಟ್ಟದ ಮೇಲಿಂದ ಗಾಳಿ ಇಳಿಯಿತು, ಹಿಂದೆಯೇ ಮಳೆ. ಕ್ಯಾನ್ವಾಸು ಒಮ್ಮೆ ಉಬ್ಬಿತು, ಒಮ್ಮೆ ನಮ್ಮ ಮೂಗಿನವರೆಗೂ ಬಂತು. ಹುಡುಗಿಯರಿಗೆ ಖುಷಿಯೋ ಖುಷಿ. ನಾನು ನಡುಗಂಬದ ಪಕ್ಕದಲ್ಲೇ ಮಲಗಿದ್ದೆ. ಮಾಮನ ಮಗಳು ನನ್ನ ಮಗ್ಗುಲಲ್ಲಿ.

ಕಿರ್ ಅಂತು.

ಸಣ್ಣ ಸದ್ದು. ಹಸಿ ಬಾಗಿಲು ತೆಗೆದಾಗ ಬರುವಂಥದ್ದು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಮಿಕ್ಕ ನಾಲ್ವರು ಪೇಟೆ ಕಡೆಯ ವ್ಯಾಪಾರಸ್ಥರ ಮಕ್ಕಳು, ಅವರು ಹಾಡು ಹೇಳುತ್ತಿದ್ದರು. ಮತ್ತೆ ಕಿರ್ ಅಂತು, ಈ ಸಲ ಉದ್ದಕ್ಕೆ. ನನಗೆ ಮುಂದಿನದು ನೆನಪಿಲ್ಲ. "ಎದ್ದೇಳ್ರೇ, ಈಚೆ ನಡೀರೇ!" ಎಂದು ಅರಚಿದ್ದು, ಒಬ್ಬಳ ಜಡೆ, ಇನ್ನೊಬ್ಬಳ ತೋಳು ಸಿಕ್ಕಿದ್ದು ಹಿಡಿದು ಎಳೆದದ್ದು, ಐದು ಜನರನ್ನೂ ಸುರಿಯುವ ಮಳೆಗೆ ನೂಕಿದ್ದು. ನಾವು ಕೆಸರಿನಲ್ಲಿ ನಿಂತು ಟೆಂಟನ್ನು ನೋಡುತ್ತಿದ್ದೆವು. ಅದು ಬೀಳುತ್ತದೆ ಎಂದು ಕಾದೆವು. ನೀಲಿ ಟೆಂಟುಗಳಿಂದ ಬೆಚ್ಚಗಿದ್ದ ಹುಡುಗಿಯರು ತಲೆ ಹೊರಗೆ ಹಾಕಿ ನಮ್ಮನ್ನು ನೋಡುತ್ತಿದ್ದರು.

ಬೀಳಲಿಲ್ಲ. ಹತ್ತು ನಿಮಿಷಕ್ಕೆ ಗಾಳಿ ನಿಂತಿತು. ತೆರೆದ ಬಾಗಿಲಿಂದ ನುಗ್ಗಿದ ನೀರಿಗೆ ನಮ್ಮ ಹಾಸಿಗೆ, ಹೊದಿಕೆ, ಅವಲಕ್ಕಿ ಎಲ್ಲ ತೊಪ್ಪೆ. ಟೀಚರ್ ಕೊಡೆ ಹಿಡಿದು ಓಡಿ ಬಂದು ಉಗಿದರು ನೋಡಿ, ಮಂಗಳಾರತಿಯೇ ಆಯಿತು. ಸಂಜೆಯ ಹೊತ್ತಿಗೆ ಇಡೀ ಕ್ಯಾಂಪಿನಲ್ಲಿ ನನಗೆ ‘ಏರ್ ಬ್ಲಾಸ್ಟ್’ ಎಂದು ಹೆಸರಾಗಿತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿದು ಮೇಲೆ ಊರೆಲ್ಲ ನಡುಗುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. "ಏರ್ ಬ್ಲಾಸ್ಟ್ ಬಂತು, ಈಚೆ ನಡೀರೇ!" ಎಂದು ಒಬ್ಬಳು ಕೂಗುವುದು, ಮಿಕ್ಕವರು ಬಿದ್ದು ಬಿದ್ದು ನಗುವುದು. ಮಾಮನ ಮಗಳು ನಗಲಿಲ್ಲ. ಆದರೆ ಅವರನ್ನು ಸುಮ್ಮನಿರಿಸಲೂ ಇಲ್ಲ.

ಮೂರನೆಯ ದಿನ ಟೆಂಟು ಬಿಚ್ಚುವಾಗ ನಾವಿಬ್ಬರೇ ಕಂಬ ಇಳಿಸಿದೆವು. ಕಬ್ಬಿಣದ ಬಳೆಯ ಮೇಲಕ್ಕೆ ಒಂದು ಗೇಣುದ್ದ ಸೀಳು ಬಿಟ್ಟಿತ್ತು. ಉಗುರು ಇಳಿಯುವಷ್ಟು ಆಳ. ಅವಳು ಬೆರಳಿಟ್ಟು ನೋಡಿ, "ನಿಮ್ಮಪ್ಪ ಹೇಳಿದ್ದು ಸರಿ ಕಣೇ" ಅಂದಳು. "ಮುಚ್ಚೇ ಬಾಯಿ" ಎಂದೆ ನಾನು. ಸರಿಯಾಗಿದ್ದು ಯಾರಿಗೆ ಬೇಕಾಗಿತ್ತು? ನೀಲಿ ಟೆಂಟು ಕೊಡಿಸಿದ್ದರೆ ನಾನು ಎಲ್ಲರಂತೆ ಬೆಚ್ಚಗೆ ಮಲಗಿ ಎದ್ದು ಬರುತ್ತಿದ್ದೆ.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕೂತಿದ್ದ. ಊಟ ಮಾಡಿದೆಯಾ, ಬೆಟ್ಟ ಹತ್ತಿದೆಯಾ ಏನೂ ಕೇಳಲಿಲ್ಲ. ಕೇಳಿದ್ದು ಒಂದೇ.

"ಬೂದಿಕೋಟೆ ಕಡೆ ಗಾಳಿ ಮಳೆ ಅಂದ್ರು. ಕಂಬ ಸದ್ದು ಮಾಡ್ತಾ?"

ಮೂರು ದಿನದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವನಿಗೆ ಎಲ್ಲಿ ಹೊಡೆದರೆ ನೋಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳಿಗೆ ಅದೊಂದು ಗೊತ್ತಿರುತ್ತದೆ.

"ಇಲ್ಲ" ಅಂದೆ. "ಒಂದು ಸದ್ದೂ ಮಾಡ್ಲಿಲ್ಲ. ಸುಮ್ಮನೆ ಸೀಳ್ಕೊಂಡು ಮುರೀತು. ನಮ್ಮ ಮೇಲೇ ಬಿತ್ತು. ನಿನ್ನ ಕಿವಿ ನೆಟ್ಟಗಿಲ್ಲ ಅಪ್ಪಾ. ಎಲ್ಲರ ಮುಂದೆ ನನ್ನ ಮಾನ ಹೋಯ್ತು."

ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅವನು ತನ್ನ ಬಲಗೈಯ ಬೆರಳ ಗೆಣ್ಣುಗಳನ್ನು ನೋಡಿಕೊಂಡ. ಆಮೇಲೆ ಒಳಗೆ ಹೋದ. ನಾನು ಕೊಡ ಎತ್ತಿಕೊಂಡು ಬೀದಿ ನಲ್ಲಿಗೆ ಹೋದೆ. ನೀರು ಹಿಡಿದು ಬರುವಾಗ ಮಾಮನ ಮಗಳು ನಮ್ಮ ಮನೆಯಿಂದ ಹೊರಬರುತ್ತಿದ್ದಳು, ಕ್ಯಾಂಪಿಗೆ ಒಯ್ದಿದ್ದ ನಮ್ಮ ಲಾಟೀನು ವಾಪಸು ಕೊಟ್ಟು. ಸುಸ್ತಾಗಿದೆ ಅಂದು ಹೊರಟುಹೋದಳು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಮಾರನೆಯ ದಿನ ನನ್ನ ಸಿಟ್ಟು ಇಳಿದಿತ್ತು, ರಾತ್ರಿಯೊಳಗೆ ಹೇಳಿಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಅಪ್ಪ ಕಂಪೆನಿಯ ಆಸ್ಪತ್ರೆಗೆ ಹೋಗಿ, ‘ಕಿವಿ ಮಂದವಾಗಿದೆ, ಮರದ ಸದ್ದು ತಿಳಿಯುತ್ತಿಲ್ಲ, ನನ್ನನ್ನು ನಂಬಿ ಯಾರೂ ಕೆಳಗೆ ನಿಲ್ಲಬಾರದು’ ಎಂದು ಹೇಳಿ ಬಂದಿದ್ದ. ಡಾಕ್ಟರು ಪರೀಕ್ಷೆ ಮಾಡಿದರಂತೆ. ಅಷ್ಟು ವರ್ಷ ಆ ಡ್ರಿಲ್ಲುಗಳ ನಡುವೆ ಇದ್ದವನ ಕಿವಿ ಸ್ವಲ್ಪ ಹೋಗದೆ ಇರುತ್ತದೆಯೇ? ಹದಿನೈದು ದಿನದಲ್ಲಿ ಅವನನ್ನು ಮೇಲೆ ಹಾಕಿದರು, ದಿಮ್ಮಿಗಳನ್ನು ಇಳಿಸಿ ಪೇರಿಸುವ ಟಿಂಬರ್ ಯಾರ್ಡಿಗೆ.

ಅಮ್ಮ ಮಾರಿಯಮ್ಮನ ಗುಡಿಗೆ ಹೋಗಿ ದೀಪ ಹಚ್ಚಿ ಬಂದಳು. ನನ್ನ ನೆಟಿಗೆ ಮುರಿದು, "ಆ ಟೆಂಟಿನ ಕೋಲು ಸದ್ದು ಮಾಡ್ದೆ ಇದ್ದಿದ್ದೇ ಒಳ್ಳೇದಾಯ್ತು ಕಣಮ್ಮಿ. ನನ್ ತಾಳಿ ಉಳೀತು" ಅಂದಳು. ಅವಳ ಮುಖ ನೋಡಿ ನಾನು ಬಾಯಿ ಮುಚ್ಚಿಕೊಂಡೆ. ಕೆಳಗೆ ಗ್ಯಾಂಗಿನಲ್ಲಿ ಅಪ್ಪನ ಜಾಗಕ್ಕೆ ಮಾಮನನ್ನು ನಿಲ್ಲಿಸಿದರು. ಇನ್ನು ಕೈ ಎತ್ತುವವನು ಮಾಮ.

ಮಾಮ ತಮಾಷೆಯ ಮನುಷ್ಯ. ಬೆಳಿಗ್ಗೆ ಶಿಫ್ಟಿಗೆ ಹೊರಡುವಾಗ ನಮ್ಮ ಬಾಗಿಲಿಗೆ ಬಂದು, ಅಪ್ಪನ ಕಿವಿಗೆ ಬಾಯಿ ಹಚ್ಚಿ, ಇಡೀ ಲೈನಿಗೆ ಕೇಳುವಂತೆ "ಅಣ್ಣಾ, ಕಾಫಿ ಆಚ್ಚಾ?" ಎಂದು, ಕಾಫಿ ಆಯಿತೇ ಅಂತ, ಅರಚುತ್ತಿದ್ದ. ಅಪ್ಪ ಕೈಯನ್ನು ಕಿವಿಗೆ ಗೋಡೆಯಾಗಿ ಹಿಡಿದು "ಆಂ?" ಅನ್ನುತ್ತಿದ್ದ. ಮಾಮ ನಗುತ್ತಾ ಹೋಗುತ್ತಿದ್ದ. ಮೊದಮೊದಲು ತಮಾಷೆಯಾಗಿದ್ದದ್ದು ಬರುತ್ತಾ ಬರುತ್ತಾ ಅಭ್ಯಾಸವಾಯಿತು. ಅಪ್ಪನಿಗೆ ಏನು ಹೇಳಿದರೂ ಎರಡು ಸಲ ಹೇಳಬೇಕಾಯಿತು. ನನ್ನ ಒಂದು ಮಾತು ಅವನ ಕಿವಿಯನ್ನೇ ಕೊಂದಿತೇ ಎಂದು ನನಗೆ ಜೀವ ಹೋದಂತಾಗುತ್ತಿತ್ತು.

ಮಾಘ ಮಾಸದ ಒಂದು ಬೆಳಿಗ್ಗೆ. ನಾನು ಶಾಲೆಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ, ಅಪ್ಪ ಕಾಫಿ ಕುಡಿಯುತ್ತಿದ್ದ. ಇದ್ದಕ್ಕಿದ್ದಂತೆ ಅವನು ಲೋಟ ಬಿಟ್ಟು ಎದ್ದು ನಿಂತ. ಆಮೇಲೆ ನೆಲ ನಡುಗಿತು. ಆಮೇಲೆ ಅಟ್ಟಣಿಗೆಯ ಪಾತ್ರೆಗಳು ಉರುಳಿದವು. ಈ ಕ್ರಮ ನನಗೆ ಸರಿಯಾಗಿ ನೆನಪಿದೆ. ಆಗ ಅದರ ಅರ್ಥ ಹೊಳೆಯಲಿಲ್ಲ, ಅಷ್ಟೇ.

ಸೈರನ್ ಬಿಡದೆ ಕೂಗಿತು. ಹೆಂಗಸರೆಲ್ಲ ಇದ್ದ ಹಾಗೇ ಶಾಫ್ಟಿನ ಗೇಟಿಗೆ ಓಡಿದರು. ಅಮ್ಮ ಅತ್ತೆಯ, ಅಂದರೆ ಮಾಮನ ಹೆಂಡತಿಯ, ಸೊಂಟ ಬಳಸಿ ಹಿಡಿದುಕೊಂಡಿದ್ದಳು. ಗಣಿಯಿಂದ ಆಳುಗಳನ್ನು ಎತ್ತುವ ಕೇಜು ಮೇಲೆ ಬಂದಾಗಲೆಲ್ಲ ಒಳಗಿಂದ ಇಳಿಯುವ ಮುಖಗಳನ್ನು ಎಲ್ಲರೂ ನೋಡುತ್ತಿದ್ದರು. ಮಾಮ ಆ ದಿನ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮೂರನೆಯ ದಿನ ಕ್ಯಾನ್ವಾಸಿನಲ್ಲಿ ಸುತ್ತಿ ತಂದರು. ಅದೇ ಬಣ್ಣದ ದಪ್ಪ ಕ್ಯಾನ್ವಾಸು, ಹಸಿರೋ ಕಂದೋ ತಿಳಿಯದ್ದು.

ಮಣ್ಣು ಮಾಡಿ ಬಂದವರು ನಮ್ಮ ಜಗಲಿಯಲ್ಲಿ ಕೂತಿದ್ದರು. ಗ್ಯಾಂಗಿನಲ್ಲಿ ಬದುಕಿ ಬಂದ ಒಬ್ಬ, ಅಪ್ಪನಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದ ಮೇಲೆ, ಪಕ್ಕದವನಿಗೆ ಮೆಲ್ಲಗೆ ಹೇಳಿದ: "ಅಣ್ಣ ಕೆಳಗಿದ್ದಿದ್ರೆ ಕೇಳ್ಸ್ಕೊಂತಿದ್ದ. ಎಲ್ರುನೂ ಈಚೆ ಕರ್ಕೊಂಬತ್ತಿದ್ದ." ಪಕ್ಕದವನು, ಏರ್ ಬ್ಲಾಸ್ಟಿಗೆ ಯಾವ ಕಿವಿಯೂ ಸಾಲದು ಬಿಡು ಅಂದ. ಅಪ್ಪ ನೆಲ ನೋಡುತ್ತಾ ಕೂತಿದ್ದ. ನಾನು ಬಾಗಿಲ ಸಂದಿಯಲ್ಲಿ ನಿಂತು ಎರಡೂ ಮಾತು ಕೇಳಿದೆ. ಎರಡರಲ್ಲಿ ಯಾವುದು ನಿಜ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಅತ್ತೆ ಮಗಳನ್ನು ಕರೆದುಕೊಂಡು ಕುಪ್ಪಂ ಕಡೆ ತವರಿಗೆ ಹೊರಟುಹೋದರು. ಹೊರಡುವ ದಿನ ನಾನು ಗೋಡೆಗೆ ಒರಗಿ ನಿಂತಿದ್ದೆ. ಅವಳು ಟ್ರಂಕು ಹಿಡಿದು ಹತ್ತಿರ ಬಂದಳು. ಕಂಬ ಕಿರ್ ಅಂದದ್ದನ್ನು ನನ್ನ ಜೊತೆ ಕೇಳಿಸಿಕೊಂಡವಳು ಅವಳೊಬ್ಬಳೇ. ಈಗ ಹೇಳುತ್ತಾಳೆ, ಎಲ್ಲರ ಮುಂದೆ ಹೇಳುತ್ತಾಳೆ ಎಂದು ನಾನು ಟ್ರಂಕಿನ ಬೀಗ ನೋಡುತ್ತಾ ನಿಂತೆ.

"ನಿಮ್ಮಪ್ಪನ ಕಿವಿ ಹೇಗಿದೆ?" ಎಂದು ಕೇಳಿದಳು, ಅಷ್ಟೇ. ನಾನು ಉತ್ತರ ಕೊಡುವ ಮೊದಲೇ ಗಾಡಿ ಹತ್ತಿದಳು.

ಆಮೇಲೆ ಆ ಸದ್ದು ನನ್ನನ್ನು ಬಿಡಲಿಲ್ಲ. ಮಂಚ ಕಿರ್ ಅಂದರೆ ಎದ್ದು ಕೂರುತ್ತಿದ್ದೆ. ಎತ್ತಿನ ಗಾಡಿ ಹೋದರೆ ಕೈಯಲ್ಲಿದ್ದದ್ದು ಬಿಟ್ಟು ನಿಲ್ಲುತ್ತಿದ್ದೆ. ಪಕ್ಕದ ಮನೆಗೆ ಬೇರೆ ಸಂಸಾರ ಬಂದರೂ ಬೆಳಗಾದರೆ ನಮ್ಮ ಬಾಗಿಲಲ್ಲಿ "ಅಣ್ಣಾ" ಎಂದು ಯಾರೋ ಅರಚಿದಂತಾಗುತ್ತಿತ್ತು. ನೋಡಿದರೆ ಅಪ್ಪನೂ ಲೋಟ ಹಿಡಿದು ಆ ಕಡೆಯೇ ನೋಡುತ್ತಿರುತ್ತಿದ್ದ. ಮದುವೆ ಮನೆಗಳಲ್ಲಿ ಅಮ್ಮ ನನ್ನ ತಲೆ ಸವರಿ "ನಮ್ಮ ಅಮ್ಮಣ್ಣಿಯಿಂದ ನನ್ ಕುಂಕುಮ ಉಳೀತು" ಎಂದು ಟೆಂಟಿನ ಕತೆ ಶುರು ಮಾಡುತ್ತಿದ್ದಳು. ನಾನು ಏನಾದರೊಂದು ನೆಪ ಹೇಳಿ ಎದ್ದು ಹೋಗುತ್ತಿದ್ದೆ. ನಿಜ ಹೇಳುತ್ತೇನೆ, ಅಪ್ಪ ಬದುಕಿದ್ದಾನೆ ಎಂಬ ಸಂತೋಷವೂ ನನಗಿತ್ತು. ಒಂದೇ ಸುಳ್ಳು ನಮ್ಮ ಮನೆಯ ದೀಪ ಉಳಿಸಿ ಪಕ್ಕದ ಮನೆಯದನ್ನು ಆರಿಸಿತ್ತು, ಮತ್ತು ಆ ಬೆಳಕಿನಲ್ಲೇ ಕೂತು ನಾನು ಓದಿ ಪಾಸಾದೆ.

ಟೀಚರ್ ಟ್ರೈನಿಂಗ್ ಮುಗಿಸಿ ಬಂಗಾರಪೇಟೆಯ ಹೆಣ್ಣುಮಕ್ಕಳ ಶಾಲೆಗೆ ಸೇರಿದ ಮೇಲೆ ಒಮ್ಮೆ ಸ್ಟೇಷನ್ನಿನಲ್ಲಿ ಮಾಮನ ಮಗಳು ಸಿಕ್ಕಳು. ಕಂಕುಳಲ್ಲಿ ಮಗು. ಚೆನ್ನಾಗಿಯೇ ಮಾತಾಡಿದಳು. ರೈಲು ಬಂದಾಗ ಬಾಗಿಲಲ್ಲಿ ನಿಂತು ಮತ್ತೆ ಅದನ್ನೇ ಕೇಳಿದಳು: "ನಿಮ್ಮಪ್ಪನ ಕಿವಿ ಹೇಗಿದೆ ಈಗ?" ನನಗೆ ಚುಚ್ಚಲೆಂದೇ ಕೇಳುತ್ತಿದ್ದಾಳೆ ಅಂದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನೇ ತಾನೆ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ನನ್ನ ಜೊತೆ ಬಂಗಾರಪೇಟೆಗೆ ಬಂದ. ತೊಂಬತ್ತರ ಮೊದಲ ವರ್ಷಗಳು. ನಮ್ಮ ಶಾಲೆಯ ಗೈಡ್ಸ್ ನನ್ನ ತಲೆಗೇ ಬಂದಿತ್ತು, ಮೊದಲ ಸಲ ಕ್ಯಾಂಪಿಗೆ ಕರೆದೊಯ್ಯಬೇಕು. ಟೆಂಟು ನೋಡಲು ಹೊರಟವಳು ಅಪ್ಪನನ್ನೂ ಎಬ್ಬಿಸಿಕೊಂಡು ಹೋದೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ಅದೇ ಅಂಗಡಿ. ಗಡ್ಡದ ಯಜಮಾನರ ಜಾಗದಲ್ಲಿ ಅವರ ಮಗ. ಮರದ ಕಂಬದ ಹಳೆಯ ಟೆಂಟುಗಳು ಮೂಲೆಯಲ್ಲಿ ಇನ್ನೂ ಒಂದಷ್ಟಿದ್ದವು.

"ಯಾವುದು ಅಂತ ನೀನೇ ನೋಡು ಅಪ್ಪಾ" ಎಂದು ಅವನ ಕಿವಿಯ ಹತ್ತಿರ ಕೂಗಿದೆ.

"ನಾನೆಲ್ಲಿ ನೋಡ್ಲಿ ಮಗಾ. ಕಿವಿ ಓಗಿ ಯಾವ ಕಾಲ ಆಯ್ತು" ಎಂದ. ಆದರೂ ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತ. ಕಂಬದ ಮೇಲೆ ಕೈಯಾಡಿಸಿದ, ಕುಟ್ಟಲಿಲ್ಲ. ಅಂಗಡಿಯವನು ಹಿಂದಿನ ಕೋಣೆಗೆ ಹೋಗಿದ್ದ. ನಾನು ಅಪ್ಪನ ಬೆನ್ನ ಹಿಂದೆ ನಿಂತಿದ್ದೆ. ಬಗ್ಗಿದ ಬೆನ್ನು, ನೆರೆತ ತಲೆ. ಹನ್ನೆರಡು ವರ್ಷಕ್ಕೆ ಮಿಕ್ಕಿ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದದ್ದು, ಅವನಿಗೆ ಕೇಳುವುದಿಲ್ಲವಲ್ಲ ಎಂಬ ಧೈರ್ಯದ ಮೇಲೆ, ಉಸಿರಿನಷ್ಟು ಸಣ್ಣಗೆ ಬಾಯಿಗೆ ಬಂತು.

"ಅಪ್ಪಾ, ಆವತ್ತು ಕಂಬ ಸದ್ದು ಮಾಡಿತ್ತು. ನಾನು ಸುಳ್ಳು ಹೇಳಿದೆ."

ಕಂಬದ ಮೇಲಿದ್ದ ಅವನ ಕೈ ನಿಂತಿತು.

"ಗೊತ್ತು ಕಣಮ್ಮಿ" ಎಂದ. ತಿರುಗಲಿಲ್ಲ.

ಅವನು ಕಂಬಕ್ಕೇ ಹೇಳುವವನ ಹಾಗೆ, ನನ್ನಷ್ಟೇ ಸಣ್ಣ ದನಿಯಲ್ಲಿ ಹೇಳಿದ:

"ಆವತ್ತೇ ಗೊತ್ತಾಯ್ತು. ನೀನು ನೀರಿಗೋಗಿದ್ದೆ. ಪಕ್ಕದ್ಮನೆ ಮಗಾ ಲಾಟೀನು ಕೊಡಕ್ಕೆ ಬಂದಿತ್ತು. ‘ಕಂಬ ಎರಡು ಸಲ ಕಿರ್ ಅಂತು, ಗೇಣುದ್ದ ಸೀಳಿತ್ತು, ನೀವು ಯೋಳಿದಂಗೇ ಆಯ್ತು’ ಅಂತು. ನನ್ ಕಿವಿ ಚೆನ್ನಾಗೇ ಐತೆ ಅಂತ ನಂಗೆ ಗೊತ್ತಿತ್ತು. ಇವತ್ತೂ ಐತೆ." ಕಂಬವನ್ನು ಒಂದು ಮಗ್ಗುಲು ಹೊರಳಿಸಿದ. "ಎದ್ರಿಕೆ ಮಗಾ. ಆ ಕಬ್ಬಿಣದ ಕೆಳಗಿಂದ ಅವ್ರುನ್ನ ಎತ್ಕೊಂಡ್ ಬಂದಾಗ್ಲಿಂದ ಕೇಜ್ ಇಳಿಯಕ್ಕೆ ಆಗ್ತಿರ್ಲಿಲ್ಲ. ಎದ್ರಿಕೆ ಅಂದ್ರೆ ಯಾರು ಮೇಲಾಕ್ತಾರೆ? ನೀನು ಕಿವಿ ನೆಟ್ಗಿಲ್ಲ ಅಂದೆ. ನಿನ್ ಸುಳ್ಳು ನಂಗೆ ಬೇಕಾಗಿತ್ತು, ತಗೊಂಡೆ."

ಅಟ್ಟಣಿಗೆಯ ಪಾತ್ರೆ ಬೀಳುವ ಮೊದಲೇ ಅವನು ಎದ್ದು ನಿಂತದ್ದು ಕಣ್ಣ ಮುಂದೆ ಬಂತು. ಜಗಲಿಯಲ್ಲಿ ಮೆಲ್ಲಗೆ ಆಡಿದ ಎರಡೂ ಮಾತುಗಳನ್ನು ನೆಲ ನೋಡುತ್ತಾ ಕೂತು ಅವನು ಪೂರ್ತಿ ಕೇಳಿಸಿಕೊಂಡಿದ್ದ. ಮಾಮ ದಿನಾ ಬಂದು ಅರಚಿದ್ದನ್ನೂ, ಅರಚುವ ಮುಂಚೆ ಮಾಮ ಎಳೆದುಕೊಂಡ ಉಸಿರನ್ನೂ. ಮಾಮನ ಮಗಳು ಕಿವಿಯ ಬಗ್ಗೆ ಕೇಳುತ್ತಿದ್ದದ್ದು ನನ್ನನ್ನಲ್ಲ. ನನ್ನ ಕೈಯಲ್ಲಿ ಅಪ್ಪನಿಗೆ ಹೇಳಿಕಳಿಸುತ್ತಿದ್ದಳು. ನಾನು ಒಂದು ಸಲವೂ ತಲುಪಿಸಿರಲಿಲ್ಲ.

"ಅವಳು ನಿನ್ನ ಕಿವಿ ಹೇಗಿದೆ ಅಂತ ಕೇಳ್ತಾಳೆ ಅಪ್ಪಾ" ಅಂದೆ. "ಸಿಕ್ಕಿದಾಗೆಲ್ಲ ಕೇಳ್ತಾಳೆ."

ಅಪ್ಪ ಗೆಣ್ಣಿನಿಂದ ಕಂಬ ಕುಟ್ಟಿದ. ಟಕ್, ಟಕ್. ಕಣ್ಣು ಮುಚ್ಚಿ ಕೇಳಿದ. ಆ ಕಂಬ ಆಚೆ ಸರಿಸಿ ಇನ್ನೊಂದನ್ನು ಎಳೆದುಕೊಂಡು ಕುಟ್ಟಿ, "ಇದು ತಗೋ" ಎಂದ.

ಅಷ್ಟರಲ್ಲಿ ಅಂಗಡಿಯವನು ಹಿಂದಿನಿಂದ ಹಗ್ಗದ ಸುರುಳಿ ಹೊತ್ತು 
ಬಂದ. ಮುದುಕರ ಜೊತೆ ಜೋರಾಗಿ ಮಾತಾಡಬೇಕು ಎಂದು ಅವನಿಗೂ ಗೊತ್ತಿತ್ತು.

"ಏನು ತಾತಾ, ಯಾವ ಕಂಬ ಅಂದ್ರಿ?"

ಅಪ್ಪ ಅವನ ಕಡೆ ತಿರುಗಿ, ಕೈಯನ್ನು ಕಿವಿಗೆ ಗೋಡೆಯಾಗಿ ಹಿಡಿದ.

"ಆಂ?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಬಗ್ಗಿ ಅಪ್ಪನ ಕಿವಿಗೆ ಬಾಯಿ ಹಚ್ಚಿ, ಬೀದಿಗೆಲ್ಲ ಕೇಳುವಂತೆ ಕೂಗಿದೆ: "ಯಾವ ಕಂಬ ಅಂತ ಕೇಳ್ತಿದಾರೆ ಅಪ್ಪಾ!"